ಮೂರು ಬೆರಳಗಲದ ಜೇಬು

ನಮ್ಮೂರಿನಲ್ಲಿ ಚೀಲದ ಬಾಯಿ ಕಟ್ಟುವುದಿಲ್ಲ. ಗುಂಡಿ, ದಾರ, ಮುಚ್ಚಳ, ಜಿಪ್ಪು ಯಾವುದೂ ಇಲ್ಲ. ಬೇಕಾದವರು ಹತ್ತಿರವಿದ್ದವರ ಚೀಲಕ್ಕೆ ಕೈ ಹಾಕುತ್ತಾರೆ, ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ, ತಮ್ಮ ಬಳಿ ಏನಾದರೂ ಇದ್ದರೆ ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ. ಕೇಳಿ ತೆಗೆದುಕೊಳ್ಳುವುದು ಮರ್ಯಾದೆಯಲ್ಲ. ತೆಗೆದುಕೊಂಡು ಉಪಕಾರವಾಯಿತು ಎನ್ನುವುದಂತೂ ಬೈದ ಹಾಗೆ. ಕೊಡೆ ಇಟ್ಟುಕೊಂಡು ಸಂತೆಗೆ ಹೋದವರು ಅರ್ಧ ತೆಂಗಿನಕಾಯಿ, ಒಂದು ಸೀಬೆಹಣ್ಣು, ಯಾರದೋ ಕನ್ನಡಕ ಹೊತ್ತುಕೊಂಡು ಮನೆಗೆ ಬರುತ್ತಾರೆ. ಆ ಕನ್ನಡಕದ ಯಜಮಾನ ನಾಳೆಯೋ ನಾಡಿದ್ದೋ ದಾರಿಯಲ್ಲಿ ಎದುರಾಗಿ, ಚೀಲಕ್ಕೆ ಕೈ ಹಾಕಿ, ಅದನ್ನು ಮೂಗಿಗೇರಿಸಿಕೊಂಡು ಹೋಗುತ್ತಾನೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಚೀಲವನ್ನು ಎದೆಗವಚಿಕೊಂಡು ಓಡಾಡುತ್ತಾರೆ. ಮೊದಲ ಬಾಣಂತನ ಮುಗಿಯುವ ಹೊತ್ತಿಗೆ ಅವರೂ ಪಳಗಿರುತ್ತಾರೆ.

ಬಾಯಿ ಹೊಲಿದ ಚೀಲ ಊರಿನಲ್ಲಿ ಒಂದು ಬಗೆಯದು ಮಾತ್ರ, ಅದು ಸತ್ತವರದು. ತಿಥಿಯ ದಿನ ಅವರ ಚೀಲದ ಬಾಯಿ ಹೊಲಿದು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕುತ್ತಾರೆ. ಇನ್ನು ಅದರೊಳಗೆ ಯಾರೂ ಕೈ ಹಾಕುವಂತಿಲ್ಲ ಎಂದು ಅರ್ಥ. ಆ ಹೊಲಿಗೆ ಹಾಕುವವಳು ನಾನು, ಚೆನ್ನಾಜಮ್ಮ. ಊರಿನ ಚೀಲಗಳನ್ನೆಲ್ಲ ಹೊಲಿಯುವವಳೂ ನಾನೇ. ಯಾರ ಹೆಗಲಿಗೆ ಎಷ್ಟು ಉದ್ದದ ಪಟ್ಟಿ ಬೇಕು, ಯಾರು ಚೀಲವನ್ನು ನೆಲಕ್ಕೆ ಉಜ್ಜುತ್ತಾ ನಡೆಯುತ್ತಾರೆ, ಎಲ್ಲ ನನಗೆ ಗೊತ್ತು. ಗೊತ್ತಿದ್ದದ್ದನ್ನು ಹೇಳದೆ ಇರುವ ಅಭ್ಯಾಸವೂ ನನಗೆ ಇರಲಿಲ್ಲ. ಮಿಷನ್ನಿನ ಚಕ್ರಕ್ಕಿಂತ ಜೋರಾಗಿ ನನ್ನ ಬಾಯಿ ತಿರುಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಮ್ಮನೆಯವರು ಒಂದು ಮಾತನ್ನು ಶುರುಮಾಡಿ ಪೂರ್ತಿಯಾಗಿ ಮುಗಿಸಿದ್ದು ನನ್ನ ಆಪರೇಷನ್ ಆದ ಮೇಲೆಯೇ.

ಗಂಟಲಲ್ಲಿ ಗಂಟು ಬಂತು. ನೆಗಡಿ ಎಂದುಕೊಂಡೆ, ಕಷಾಯ ಕುಡಿದೆ, ಮೆಣಸು ಜಗಿದೆ, ಗಂಟಿಗೆ ನನ್ನ ಕಷಾಯದ ಮೇಲೆ ಏನೂ ಗೌರವವಿರಲಿಲ್ಲ. ಕೊನೆಗೆ ಬೆಟ್ಟದಾಚೆಯ ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಬುಡದಲ್ಲಿ ಒಂದು ತೂತು ಮಾಡಿದರು. ಇನ್ನು ಮೂಗು ಬಾಯಿಯಿಂದ ಉಸಿರಿಲ್ಲ, ಆ ತೂತಿನಿಂದಲೇ. ಮಾತು ಇಲ್ಲವೇ ಇಲ್ಲ. ತುಟಿ ಆಡಿಸಬಹುದು, ಅಷ್ಟೆ. ಜೀವ ಉಳಿಯಿತು. ಅದು ಸಣ್ಣ ಮಾತಲ್ಲ ಎಂದು ಈಗ ಗೊತ್ತು, ಆಗ ಮಾತ್ರ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದೆ.

ನನ್ನನ್ನು ಈ ಕಡೆ ತಿರುಗಿಸಿದವರು ಸಿಸ್ಟರ್ ಫಿಲೋಮಿನಾ. ಒಂದು ತಟ್ಟೆಯಲ್ಲಿ ಸಾಮಾನು ಹರಡಿ ಪಾಠ ಮಾಡಿದರು. ತೂತಿನ ಸುತ್ತ ಕಟ್ಟಿಕೊಳ್ಳುವ ಗೊಣ್ಣೆ ತೆಗೆಯಲು ತುದಿ ಮೊಂಡಾದ ಚಿಮಟ. ನೋಡಿಕೊಳ್ಳಲು ಕನ್ನಡಿ, ಪುಟ್ಟ ಬ್ಯಾಟರಿ. ಗೊಣ್ಣೆ ಒಣಗಿ ಗಟ್ಟಿಯಾದರೆ ಸಡಿಲ ಮಾಡಲು ಉಪ್ಪುನೀರಿನ ಪುಟಾಣಿ ಪ್ಲಾಸ್ಟಿಕ್ ಶೀಸೆಗಳು. ತೂತಿನೊಳಗೆ ಇಡುವ ನಳಿಗೆಯನ್ನು ತೊಳೆಯುವ ಬ್ರಷ್ಷು. ಒರೆಸಲು, ಗಾಯಕ್ಕೆ ಕಟ್ಟುವಂಥ ಜಾಳುಬಟ್ಟೆ. ಧೂಳು ಹೋಗದಂತೆ ತೂತಿನ ಮೇಲೆ ಕಟ್ಟಿಕೊಳ್ಳುವ ತೆಳುವಸ್ತ್ರ.

"ನೋಡಿ ಅಮ್ಮ, ಹೊಸ್ತಿಲು ದಾಟಿದ್ರೆ ಇದು ನಿಮ್ ಜೊತೆ ಇರ್ಬೇಕು. ಬೇರೆಯವರ ಕೈ ಇದಕ್ಕೆ ತಾಗಬಾರ್ದು. ಗೊಣ್ಣೆ ಅಡ್ಡ ಕೂತಾಗ ಹುಡುಕ್ತಾ ಕೂರಕ್ಕೆ ಟೈಮ್ ಇರಲ್ಲ, ಆಯ್ತಾ?"

ಆಯ್ತು ಎಂದು ತಲೆಯಾಡಿಸಿದೆ. ಬೇರೆಯವರ ಕೈ ತಾಗಬಾರದು ಎನ್ನುವುದು ನಮ್ಮೂರಿನಲ್ಲಿ ಎಂಥ ಮಾತು ಎಂದು ಪಾಪ ಸಿಸ್ಟರಿಗೆ ಏನು ಗೊತ್ತು? ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರು ಮಾತ್ರ ತಲೆ ಕೆರೆದುಕೊಂಡರು.

ಊರಿಗೆ ಬಂದವಳೇ ಮಿಷನ್ ಮುಂದೆ ಕೂತೆ. ಕೈಗೆ ಕೆಲಸ ಸಿಕ್ಕಿದರೆ ದುಃಖ ಸ್ವಲ್ಪ ದೂರ ಕೂರುತ್ತದೆ. ನಮ್ಮಜ್ಜಿಯ ಎಲೆ ಅಡಿಕೆ ಸಂಚಿಯ ಆಕಾರದಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತೆ ಒಂದು ಚೀಲ ಹೊಲಿದೆ. ಚಿಮಟಕ್ಕೆ ಉದ್ದನೆಯ ಜೇಬು, ಶೀಸೆಗಳಿಗೆ ಸಾಲಾಗಿ ಕೊಳವೆಗಳು, ಕನ್ನಡಿಗೆ ಮೆತ್ತನೆಯ ಒಳಪದರ. ಶುಚಿಯಾದ ಬಟ್ಟೆ ಎಡಕ್ಕೆ, ಬಳಸಿದ್ದು ಬಲಕ್ಕೆ, ಬಲಗಡೆಗೆ ಒಳಗೆ ರಬ್ಬರ್ ಶೀಟು. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ್ದು ಬೆರಳಿಗೆ ಸಿಗಬೇಕು ಎಂದು ಬಿಚ್ಚಿ ಬಿಚ್ಚಿ ಹೊಲಿದೆ. ನೋಡಿದವರಿಗೆ ಹೆಂಗಸೊಬ್ಬಳ ಎಲೆಸಂಚಿ, ಅಷ್ಟೆ. ಆಮೇಲೆ, ಯಾರೂ ಇಲ್ಲದ ಹೊತ್ತು ನೋಡಿ, ಅದಕ್ಕೆ ಒಂದು ಮುಚ್ಚಳ ಹೊಲಿದೆ. ಬದುಕಿದ್ದವರ ಚೀಲಕ್ಕೆ ನಾನು ಹೊಲಿದ ಮೊದಲ ಮುಚ್ಚಳ. ಸಿಸ್ಟರ್ ಹೇಳಿದ್ದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆಯೇ ಹೆಚ್ಚು. ಯಾರೋ ಬೆಲ್ಲದ ಚೂರು ಹುಡುಕುತ್ತಾ ಕೈ ಹಾಕಿ, ನನ್ನ ಕತ್ತಿನ ಕೊಳೆ ಒರೆಸಿದ ಬಟ್ಟೆ ಹಿಡಿದು ಎತ್ತಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಸೆರಗನ್ನು ಕತ್ತಿನ ಸುತ್ತ ಹೊದ್ದು, ಅದರಡಿ ಸಂಚಿ ಬಚ್ಚಿಟ್ಟುಕೊಂಡು ಹೊರಗೆ ಕಾಲಿಟ್ಟೆ. ಹೆಗಲಿಗೆ ನನ್ನ ಎಂದಿನ ತೆರೆದ ಚೀಲ ಇದ್ದೇ ಇತ್ತು. ಬೀದಿಯವರು ಆ ಚೀಲಕ್ಕೆ ಕೈ ಹಾಕಿ ಹಾಕಿ ನನ್ನನ್ನು ಬರಮಾಡಿಕೊಂಡರು. ಮನೆಗೆ ಬಂದು ನೋಡಿದರೆ ಬಾಳೆಹಣ್ಣು, ಸಂಪಿಗೆ, ಒಂದು ಬೆಳ್ಳಿಯ ಗೆಜ್ಜೆಕಾಳು. ಮಾತಿಲ್ಲದವಳು ಏನು ಮಾಡಲಿ? ಅತ್ತೆ.

ಮಜ್ಜಿಗೆ ಮಾರುವ ಸಾವಂತ್ರಮ್ಮ ನನ್ನ ಅಂಗಡಿಯ ಎದುರು ಕೂರುವವಳು, ನನ್ನ ಮಾತುಗಳಲ್ಲಿ ಅರ್ಧವನ್ನು ಕೇಳಿಸಿಕೊಂಡೇ ಮುದುಕಿಯಾದವಳು. ಒಂದು ದಿನ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕೈಗೆ ಸೊಂಟದ ಸಂಚಿ ಸಿಕ್ಕಿತು. ರೂಢಿಯಂತೆ ಬೆರಳು ಒಳಗೆ ಹೋಗಲು ನೋಡಿತು. ಮುಚ್ಚಳ ಅಡ್ಡ ಬಂತು. ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

"ಏನಕ್ಕಾ ಇದು, ಬದುಕಿರೋರ ಮೈಮೇಲೆ..." ಎಂದವಳೇ ಹೊರಟುಹೋದಳು. ಒಂದಕ್ಕೆರಡು ಸೇರಿಸಿ ಹೇಳುವ ಹೆಂಗಸಲ್ಲ ಅವಳು. ಆದರೂ ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಯಾರೂ ಬೈಯಲಿಲ್ಲ. ನನ್ನ ತೆರೆದ ಚೀಲಕ್ಕೆ ಕೈ ಹಾಕುವುದನ್ನು ನಿಲ್ಲಿಸಿದರು. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಚೀಲದ ತಳದಲ್ಲಿ ಹುರಿಗಡಲೆ ಮುಗ್ಗಲು ಹಿಡಿಯಿತು. ಧ್ವನಿ ಹೋದಾಗ ಆಗದಿದ್ದ ಸಂಕಟ ಆ ಹುರಿಗಡಲೆ ನೋಡಿ ಆಯಿತು.

ತಡೆಯಲಾಗದೆ ಒಂದು ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಸಂಚಿಯನ್ನು ಬಾಯಿ ತೆರೆದೇ ಸೊಂಟಕ್ಕೆ, ಸೆರಗಿನ ಹೊರಗೆ, ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡೆ. ನಮ್ಮನೆಯವರು "ಬೇಡ ಕಣೇ, ಸಿಸ್ಟರ್ ಏನಂದಿದ್ರು?" ಎಂದು ಮಾತು ಪೂರ್ತಿ ಮಾಡಿದರೂ ನಾನು ಕೇಳಲಿಲ್ಲ. ಸಂತೆಗೆ ಹೊರಟೆವು. ಸಾವಂತ್ರಮ್ಮ ದೂರದಿಂದಲೇ ನೋಡಿ ಕಣ್ಣೊರೆಸಿಕೊಂಡಳು. ಜನ ಮತ್ತೆ ಮೈಗೆ ಮೈ ತಾಗಿಸಿ ನಡೆದರು. ನನಗೆ ಎಷ್ಟು ಹಿಗ್ಗಾಗಿತ್ತೆಂದರೆ ಯಾರ ಕೈ ಎಲ್ಲಿ ಹೋಯಿತೆಂದು ನೋಡಲೇ ಇಲ್ಲ.

ಆಮೇಲೆ ತಿಳಿದದ್ದು, ಬುಟ್ಟಿ ಹೆಣೆಯುವ ಜವರಯ್ಯನ ಹೆಬ್ಬೆರಳಿಗೆ ಬಿದಿರಿನ ಸಿಬಿರು ಹೊಕ್ಕಿತ್ತು. ಪಕ್ಕದಲ್ಲಿ ಹಾದುಹೋದ ಚೀಲದಲ್ಲಿ ಚಿಮಟ ಮಿಂಚಿತು, ತೆಗೆದುಕೊಂಡ. ಅದರಲ್ಲಿ ತಪ್ಪೇನು? ನಮ್ಮೂರಿನಲ್ಲಿ ಹುಟ್ಟಿದ ಯಾರಾದರೂ ಅದನ್ನೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಸಿಬಿರು ಕಿತ್ತ, ಇನ್ಯಾರಿಗೋ ಬೇಕಾದೀತೆಂದು ಎದುರಿಗೆ ಬಂದವರ ಚೀಲಕ್ಕೆ ಚಿಮಟ ಹಾಕಿದ. ಅದು ಊರು ಸುತ್ತಲು ಹೊರಟಿತು.

ನಾನು ಅತ್ತ ಸೊಪ್ಪಿನ ಸಾಲಿನಲ್ಲಿದ್ದೆ. ಯಾರೋ ಗೋಣಿ ಕೊಡವಿದರು, ಧೂಳೆದ್ದಿತು, ಕೆಮ್ಮು ಬಂತು. ಒಳಗೆ ಒಣಗಿ ಕೂತಿದ್ದ ಗೊಣ್ಣೆ ಮೇಲೆ ಬಂದು ತೂತಿಗೆ ಅಡ್ಡ ಕೂತಿತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಉದ್ದನೆಯ ಜೇಬಿಗೆ ಬೆರಳು ಹಾಕಿದೆ. ಖಾಲಿ. ಆ ಖಾಲಿಜೇಬಿನ ತಳ ನನ್ನ ಬೆರಳಿಗೆ ತಾಗಿದ ಕ್ಷಣವನ್ನು ನಾನು ಸಾಯುವವರೆಗೂ ಮರೆಯಲಾರೆ. ಕೂಗಲು ಬಾಯಿ ತೆರೆದೆ, ಎಲ್ಲಿಯ ಕೂಗು? ನಮ್ಮನೆಯವರು ನನ್ನ ಮುಖ ನೋಡಿ "ಚಿಮಟ! ಚಿಮಟ ಯಾರತ್ರ ಇದೆ?" ಎಂದು ಅರಚಿದರು. ಸಂತೆಯೆಲ್ಲ ಚೀಲಗಳನ್ನು ನೆಲಕ್ಕೆ ಸುರಿಯಿತು. ಬದನೆಕಾಯಿ, ಬೀಗದಕೈ, ಬಳೆ, ವಿಭೂತಿಗಟ್ಟಿ ಎಲ್ಲ ಉರುಳಿದವು, ಚಿಮಟವಿಲ್ಲ. ನಾನು ಮಂಡಿಯೂರಿ ಉಪ್ಪುನೀರಿನ ಶೀಸೆಯ ಮೂತಿ ಮುರಿದು ತೂತಿಗೆ ಹಿಂಡಿದೆ, ಬಾಗಿ ಕೆಮ್ಮಿದೆ, ಇನ್ನೊಂದು ಹಿಂಡಿದೆ. ಕಣ್ಣು ಕತ್ತಲೆ ಕಟ್ಟುವ ಹೊತ್ತಿಗೆ ಅದು ಸಡಿಲವಾಗಿ ಈಚೆ ಬಿತ್ತು. ಉಸಿರು ಸುಯ್ ಎಂದು ಒಳಗೆ ಹೋಯಿತು. ಜನರ ನಡುವೆ ಜವರಯ್ಯ ನಿಂತಿದ್ದ. ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ.

ಮರುದಿನ ಊರಿನ ಯಜಮಾನರು ನಂಜರಾಜಯ್ಯ ಮನೆಗೆ ಬಂದರು. ಜಗಲಿಯಲ್ಲಿ ಕೂತು ಬಹಳ ಹೊತ್ತು ಪೇಟವನ್ನು ಸರಿಮಾಡಿಕೊಂಡರು.

"ಚೆನ್ನಾಜಮ್ಮ, ನೀನು ಮುಚ್ಚಳ ಹೊಲ್ಕೊಳವ್ವ. ನಿಂಗೊಬ್ಳಿಗೆ ಈ ನಿಯಮ ಇಲ್ಲ. ಯಾರೂ ಏನೂ ಅನ್ನಲ್ಲ, ನಾನು ಹೇಳಿದೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬದುಕಬೇಕಲ್ಲ, ಬಿಚ್ಚಿದ ಮುಚ್ಚಳವನ್ನು ಮತ್ತೆ ಹೊಲಿದೆ. ಯಾರೂ ಏನೂ ಅನ್ನಲಿಲ್ಲ, ಅದೂ ನಿಜ. ಬೀದಿಯಲ್ಲಿ ನಾನು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೆಗಲ ಚೀಲಕ್ಕೂ ಯಾರೂ ಕೈ ಹಾಕಲಿಲ್ಲ, ಆ ಚಿಮಟದ ಭಯ ಎಲ್ಲರ ಕೈಯಲ್ಲೂ ಕೂತಿತ್ತು. ಎಲ್ಲರೂ ನನ್ನನ್ನು ಎಷ್ಟು ಗೌರವದಿಂದ ನೋಡಿಕೊಂಡರೆಂದರೆ ನನ್ನ ತಿಥಿಯಲ್ಲಿ ನಾನೇ ಓಡಾಡುತ್ತಿರುವ ಹಾಗಾಯಿತು. ಜವರಯ್ಯನಂತೂ ನಾನು ಈ ಬೀದಿಗೆ ಬಂದರೆ ಆ ಬೀದಿಗೆ ಹೋಗುತ್ತಿದ್ದ. ಉಸಿರು ಬೇಕೆಂದರೆ ಊರಿಲ್ಲ, ಊರು ಬೇಕೆಂದರೆ ಉಸಿರಿಲ್ಲ. ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಕೂರುವುದನ್ನು ಕಲಿತೆ.

ಹಾಗಿರುವಾಗ ಒಂದು ದಿನ ಸಾವಂತ್ರಮ್ಮ ತನ್ನ ಚೀಲ ತಂದು ಮಿಷನ್ ಮೇಲಿಟ್ಟಳು.

"ಅಕ್ಕಾ, ಇದ್ರೊಳಗೆ ಎಡಗಡೆ ಒಂದು ಜೇಬು ಹಾಕ್ಕೊಡು. ಮೂರು ಬೆರಳಗಲ ಇರ್ಲಿ, ಉದ್ದ ಒಂದು ಗೇಣು. ಮೇಲೊಂದು ಮುಚ್ಚೋ ಪಟ್ಟಿ ಬರ್ಲಿ."

ಮುಚ್ಚುವ ಪಟ್ಟಿಯೇ? ನನ್ನ ಮುಚ್ಚಳ ಮುಟ್ಟಿ ಕೆಂಡ ಮುಟ್ಟಿದ ಹಾಗೆ ಓಡಿದವಳು? ಯಾಕೆ ಎಂದು ತುಟಿಯಲ್ಲಿ ಕೇಳಿದೆ. "ಸುಮ್ನೆ, ಏನೋ ಇಡಕ್ಕೆ" ಎಂದು ಮಜ್ಜಿಗೆ ಗಡಿಗೆಯ ಕಡೆ ನೋಡಿದಳು. ಹೊಲಿದುಕೊಟ್ಟೆ. ಮಧ್ಯಾಹ್ನ ಬಳೆಗಾರ ಬಂದ, ಮೂರು ಬೆರಳಗಲ, ಎಡಗಡೆ, ಪಟ್ಟಿ. ಆಮೇಲೆ ಸೊಪ್ಪಿನವಳು. ಆಮೇಲೆ ನಂಜರಾಜಯ್ಯನವರ ಸೊಸೆ, ತನ್ನದೂ ಮಾವನದೂ ಎರಡು ಚೀಲ ಹಿಡಿದುಕೊಂಡು. ಯಾರನ್ನು ಕೇಳಿದರೂ ಸುಮ್ನೆ. ಬಾಗಿಲಲ್ಲಿ ಚೀಲಗಳ ರಾಶಿ ಬಿತ್ತು. ನಮ್ಮನೆಯವರು ದಾರ ಕತ್ತರಿಸಿಕೊಡುವ ನೆಪದಲ್ಲಿ ತಲೆಯೆತ್ತದೆ ಕೂತರು.

ನನಗೆ ತಿಳಿದದ್ದು ಒಂದೇ. ಊರು ಕೆಟ್ಟಿತು, ನನ್ನಿಂದ ಕೆಟ್ಟಿತು. ನಾನು ಮುಚ್ಚಿದ್ದನ್ನು ನೋಡಿ ಎಲ್ಲರಿಗೂ ಮುಚ್ಚಿಡುವ ಆಸೆ ಹುಟ್ಟಿದೆ. ಇವತ್ತು ಮೂರು ಬೆರಳಗಲ, ನಾಳೆ ಚೀಲದಗಲ. ಹೊಲಿಯುತ್ತಾ ಹೊಲಿಯುತ್ತಾ ಅತ್ತೆ, ಮಿಷನ್ನಿನ ಎಣ್ಣೆಯ ಜೊತೆ ನನ್ನ ಕಣ್ಣೀರೂ ಎಷ್ಟೋ ಪಟ್ಟಿಗಳಿಗೆ ತಾಗಿರಬೇಕು. ಆದರೂ ಹೊಲಿಗೆಯಲ್ಲಿ ಮೋಸ ಮಾಡಲಿಲ್ಲ. ಒಂದೊಂದು ಜೇಬನ್ನೂ ಗಟ್ಟಿಯಾಗಿ, ಬೆರಳಿಗೆ ಸಲೀಸಾಗಿ ಸಿಗುವಂತೆ ಹೊಲಿದೆ.

ಊರಿನ ಚೀಲಗಳೆಲ್ಲ ಮುಗಿದ ಮೇಲೆ ನೂಲು ಖಾಲಿಯಾಯಿತು. ನೂಲಿನಂಗಡಿ ಮೂಲೆಯಲ್ಲೇ ಇದೆ. ಇಷ್ಟು ಹತ್ತಿರಕ್ಕೆ ಏಕೆ ಎಂದುಕೊಂಡು ಮುಚ್ಚಿದ ಸಂಚಿಯನ್ನು ಮಿಷನ್ ಮೇಲೇ ಬಿಟ್ಟೆ. ಸೊಂಟದಲ್ಲಿ ಅದಿಲ್ಲದೆ ನಾಲ್ಕು ಹೆಜ್ಜೆ ನಡೆಯಬೇಕು, ಜನ ಪಕ್ಕಕ್ಕೆ ಸರಿಯದಿದ್ದರೆ ಹೇಗಿರುತ್ತದೆ ನೋಡಬೇಕು ಎನ್ನುವ ಆಸೆಯೂ ಇತ್ತೆನ್ನಿ. ಅಂಗಡಿಯಲ್ಲಿ ಒಬ್ಬ ಹೆಂಗಸು ಬಣ್ಣ ಬಣ್ಣದ ದಾರದುಂಡೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಯಾರೋ ಗೊತ್ತಿಲ್ಲ, ಕೆಳಗೇರಿಗೆ ಹೊಸದಾಗಿ ಬಂದ ಸೊಸೆಯಿರಬೇಕು. ನಾನು ಬಿಳಿ ನೂಲು ಬೆರಳಲ್ಲಿ ತೋರಿಸುವಷ್ಟರಲ್ಲಿ ಎದೆಯೊಳಗೆ ಗುರುಗುಟ್ಟಿತು. ಕೆಮ್ಮಿದೆ. ಅಡ್ಡ ಕೂತಿತು.

ಕೈ ಸೊಂಟಕ್ಕೆ ಹೋಯಿತು, ಅಲ್ಲಿ ಏನಿದೆ? ಆಮೇಲೆ ಕೈ ಏನು ಮಾಡಿತೋ ಅದು ನಾನು ಮಾಡಿದ್ದಲ್ಲ, ಹುಟ್ಟಿದಂದಿನಿಂದ ಕೈಗೆ ಬಂದ ಅಭ್ಯಾಸ. ಪಕ್ಕದವಳ ಚೀಲಕ್ಕೆ ಹೋಯಿತು. ತೊಗರಿಬೇಳೆಯ ಪೊಟ್ಟಣ, ಬಾಚಣಿಗೆ, ಎಡಗಡೆ ನಾನೇ ಹೊಲಿದ ಪಟ್ಟಿ. ಪಟ್ಟಿ ಎತ್ತಿದರೆ ತಣ್ಣನೆಯ ಲೋಹ. ಈಚೆ ತೆಗೆದೆ. ಶುಭ್ರವಾದ ಬಟ್ಟೆಯಲ್ಲಿ ಸುತ್ತಿದ ಚಿಮಟ, ತುದಿ ಮೊಂಡು. ಜೊತೆಗೆ ಒಂದು ಉಪ್ಪುನೀರಿನ ಶೀಸೆ, ಮಡಿಸಿದ ಜಾಳುಬಟ್ಟೆ. ಹಿಂಡಿದೆ, ಬಾಗಿದೆ, ಎಳೆದೆ, ಉಸಿರು ಬಂತು. ನೋಡಿದರೆ ಆ ಹೆಂಗಸು ನನ್ನತ್ತ ತಿರುಗಿಯೂ ಇಲ್ಲ. ದಾರದುಂಡೆ ನೋಡುತ್ತಲೇ, ಒಂದು ಪುಟ್ಟ ಕನ್ನಡಿಯನ್ನು ನನ್ನ ಕತ್ತಿನ ಎತ್ತರಕ್ಕೆ ಹಿಡಿದುಕೊಂಡು ನಿಂತಿದ್ದಳು. ಒರೆಸಿಕೊಂಡದ್ದು ಮುಗಿದ ಮೇಲೆ ಕನ್ನಡಿ ಚೀಲಕ್ಕೆ ಹಾಕಿಕೊಂಡು, "ಈ ಹಸಿರು ಬಣ್ಣ ಬಿಡ್ತದಾ?" ಎಂದು ಅಂಗಡಿಯವನನ್ನು ಕೇಳಿದಳು.

ನಾನು ಬೀದಿಗೆ ಬಂದು ಎದುರಿಗೆ ಸಿಕ್ಕಿದವರ ಚೀಲಕ್ಕೆಲ್ಲ ಹುಚ್ಚಿಯ ಹಾಗೆ ಕೈ ಹಾಕುತ್ತಾ ನಡೆದೆ. ಬಳೆಗಾರನ ಚೀಲದಲ್ಲಿ ಇತ್ತು. ಸೊಪ್ಪಿನವಳದರಲ್ಲಿ ಇತ್ತು. ಸಾವಂತ್ರಮ್ಮನದರಲ್ಲಿ ಇತ್ತು, ಅವಳು ಮಜ್ಜಿಗೆ ಕಡೆಯುತ್ತಾ ಏನೂ ಆಗದವಳಂತೆ ಹಾಡಿಕೊಳ್ಳುತ್ತಿದ್ದಳು, ಕೆನ್ನೆ ಮಾತ್ರ ಒದ್ದೆ. ನಂಜರಾಜಯ್ಯನವರ ಚೀಲದಲ್ಲಿ ಬ್ಯಾಟರಿಯೂ ಇತ್ತು. ಮನೆಗೆ ಬಂದು ನಮ್ಮನೆಯವರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ. ಅವರಿಗೆ ನನ್ನ ತುಟಿ ನೋಡುವ ಅಗತ್ಯವೂ ಬೀಳಲಿಲ್ಲ.

"ಜವರಯ್ಯ ಕಣೇ," ಎಂದರು. "ಅವತ್ತಿಂದ ಅವನಿಗೆ ಅನ್ನ ಸೇರ್ಲಿಲ್ಲ. ಬೆಟ್ಟ ಹತ್ತಿ ಪೇಟೆಗೆ ಹೋಗಿ ಆ ಸಿಸ್ಟರ್ ಕಾಲು ಹಿಡಿದು ಎಲ್ಲ ಕಲ್ತ್ಕೊಂಡು ಬಂದ. ಏನೇನು ಬೇಕು, ಹೆಂಗೆ ಕುದಿಸ್ಬೇಕು, ಎಷ್ಟು ದಿನಕ್ಕೆ ಬದಲಾಯಿಸ್ಬೇಕು. ಮನೆಮನೆಗೂ ಹೋಗಿ ಹೇಳ್ದ. ಈಗ್ಲೂ ಮನೆಮನೆಗೆ ಹೋಗಿ ಚಿಮಟಗಳನ್ನೆಲ್ಲ ಬುಟ್ಟಿಲಿ ಹಾಕ್ಕೊಂಡು ಬಂದು ಕುದಿಸಿ ಕೊಡ್ತಾನೆ. ಅಕ್ಕಯ್ಯಂಗೆ ಹೇಳ್ಬೇಡಿ, ಭಾರ ಆಗ್ತದೆ ಅಂದ."

ಭಾರವೇ! ಕುಸಿದು ಕೂತು ಅತ್ತೆ. ನನ್ನ ಕತ್ತಿನ ತೂತನ್ನು ನಾನೊಬ್ಬಳೇ ಸೆರಗಿನಡಿ ಬಚ್ಚಿಟ್ಟುಕೊಂಡು ಹೊರುತ್ತಿದ್ದೇನೆ ಎಂದುಕೊಂಡಿದ್ದೆ. ಊರಿಗೆ ಊರೇ ಅದನ್ನು ಹಂಚಿಕೊಂಡು, ನನಗಿಂತ ಚೆನ್ನಾಗಿ ಬಚ್ಚಿಟ್ಟುಕೊಂಡು ಹೊರುತ್ತಿತ್ತು. ಸತ್ತವರ ಚೀಲಕ್ಕಷ್ಟೇ ಸಲ್ಲುವ ಮುಚ್ಚಿದ ಬಾಯನ್ನು ನನಗೋಸ್ಕರ ಎಲ್ಲರೂ ತಮ್ಮ ಚೀಲದೊಳಕ್ಕೆ ಹಾಕಿಸಿಕೊಂಡಿದ್ದರು. ಅದಕ್ಕೆ ಉಪಕಾರ ಹೇಳುವಂತಿಲ್ಲ, ಹೇಳಲು ಧ್ವನಿಯೂ ಇಲ್ಲ. ಇದ್ದಿದ್ದರೆ ಊರ ಪದ್ಧತಿ ಮುರಿದು ಬೆಟ್ಟದ ಮೇಲೆ ನಿಂತು ಕೂಗಿಬಿಡುತ್ತಿದ್ದೆ.

ಮರುದಿನ ಸೊಂಟಕ್ಕೆ ಏನೂ ಸಿಕ್ಕಿಸಿಕೊಳ್ಳಲಿಲ್ಲ. ಹೆಗಲ ಚೀಲವನ್ನು ಒಗೆದು ಒಣಗಿಸಿ, ಹೊಸ ಹುರಿಗಡಲೆ ತುಂಬಿಕೊಂಡು ಬಿದಿರು ಹೆಣೆಯುವ ಬೀದಿಗೆ ಹೋದೆ. ಜವರಯ್ಯ ನನ್ನನ್ನು ಕಂಡು ಬುಟ್ಟಿ ಬಿಟ್ಟು ಎದ್ದ, ಓಡಲು ಗೋಡೆ ಅಡ್ಡವಿತ್ತು. ಗೋಡೆಗೆ ನೇತುಹಾಕಿದ್ದ ಅವನ ಚೀಲಕ್ಕೆ ಕೈ ಹಾಕಿದೆ. ಬೇಕಾದ್ದು ಏನೂ ಇರಲಿಲ್ಲ, ಸುಮ್ಮನೆ ಹಾಕಿದೆ. ಕೈಗೆ ಸಿಕ್ಕ ಬಿದಿರಿನ ಸೀಳೊಂದನ್ನು ತೆಗೆದುಕೊಂಡೆ. ಆಮೇಲೆ ನನ್ನ ಚೀಲವನ್ನು ಅವನ ಮುಂದೆ ಹಿಡಿದು ನಿಂತೆ.

"ಅಕ್ಕಯ್ಯಾ, ನನ್ ಕೈ ಬೇಡ," ಎಂದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ನಾನು ಕದಲಲಿಲ್ಲ. ಮಾತಿದ್ದ ಕಾಲದಲ್ಲಿ ಇಷ್ಟು ಹೊತ್ತು ಸುಮ್ಮನೆ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಬೀದಿಯವರು ಹೆಣೆಯುವುದನ್ನು ನಿಲ್ಲಿಸಿದರು. ಕೊನೆಗೆ ಅವನ ಬಲಗೈ ಬೆನ್ನ ಹಿಂದಿನಿಂದ ಮೆಲ್ಲಗೆ ಈಚೆ ಬಂತು, ಚೀಲದ ಬಾಯಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಮೊಣಕೈವರೆಗೂ ಒಳಗೆ ಹೋಯಿತು. ಒಂದು ಹಿಡಿ ಹುರಿಗಡಲೆ ತೆಗೆದುಕೊಂಡ. ಅಳುತ್ತಲೇ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕೂತ.